ಹೆಸರು ಆಮೇಲೆ, ಮೊದಲು ನಂಟು ಹುಡುಕು

ಪುಟ್ಟೀ, ಅಲಂಕಾರದ ಪ್ರಶ್ನೆ ಕಂಡ ಕೂಡಲೇ ವಾಕ್ಯದಲ್ಲಿ ‘ಅಂತೆ’, ‘ಹಾಗೆ’ ಎಲ್ಲಿದೆ ಎಂದು ಕಣ್ಣಾಡಿಸುವ ಚಾಳಿಯನ್ನು ಮೊದಲು ಬಿಡು. ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂದು ಗೀಚಿ ಮುಂದಿನ ಪ್ರಶ್ನೆಗೆ ಹಾರುವ ಮಕ್ಕಳ ಉತ್ತರಪತ್ರಿಕೆ ತಿದ್ದುವುದರಲ್ಲೇ ಈ ಕನ್ನಡ ಮೇಷ್ಟ್ರ ತಲೆ ನರೆತದ್ದು. ಹಾಗೆ ಬರೆದವರಿಗೆ ಎಷ್ಟೋ ಸಲ ಅಂಕವೂ ಸಿಕ್ಕಿಬಿಡುತ್ತದೆ, ಅದೇ ತೊಂದರೆ. ‘ಮಳೆ ಬರೋ ಹಾಗಿದೆ’ ಎಂದರೆ ಅಲ್ಲಿ ಯಾವುದಕ್ಕೆ ಯಾವುದು ಹೋಲಿಕೆ? ‘ಮೇಷ್ಟ್ರಿಗೆ ವರ್ಗ ಆಯ್ತಂತೆ’ ಎನ್ನುವ ‘ಅಂತೆ’ ಬರೀ ಕೇಳಿದ ಸುದ್ದಿಯ ಅಂತೆ. ‘ಅವಳೂ ಅವಳಮ್ಮನ ಹಾಗೇ ಎತ್ತರ’ ಎಂದಾಗ ಹೋಲಿಕೆಯೇನೋ ಉಂಟು, ಅಲಂಕಾರವಿಲ್ಲ. ಇಬ್ಬರೂ ಮನುಷ್ಯರೇ, ಗೋಡೆಗೆ ನಿಲ್ಲಿಸಿ ಅಳೆದರೆ ಮುಗಿಯಿತು. ‘ತೆಂಗಿನಮರದ ಹಾಗೆ ಬೆಳೆದಿದ್ದಾಳೆ’ ಎಂದು ನೋಡು, ಆಗ ಉಪಮೆ ಹುಟ್ಟಿತು. ಹುಡುಗಿಗೂ ಮರಕ್ಕೂ ಜಾತಿಯೇ ಬೇರೆ. ಎತ್ತರ ಎಂಬ ಒಂದು ಗುಣದಲ್ಲಿ ಮಾತ್ರ ಅವೆರಡಕ್ಕೂ ನಂಟು ಕಟ್ಟಿದವರು ಮಾತಾಡಿದವರು.

ಈ ನಂಟನ್ನು ಹುಡುಕಬೇಕು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಹೆಸರು ಆಮೇಲೆ ತಾನಾಗಿ ಬರುತ್ತದೆ.

ಅಲಂಕಾರ ಎಂದರೆ ಹಳಗನ್ನಡ ಪದ್ಯದಲ್ಲಿ ಅಡಗಿ ಕೂತಿರುವ ವಸ್ತು ಎಂದು ನಿನ್ನ ವಯಸ್ಸಿನವರು ತಿಳಿದಿರುತ್ತೀರಿ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶನಿಗೆ ಉಪಮಾಲೋಲ ಎಂದು ಬಿರುದು ಬಾಯಿಪಾಠ ಮಾಡಿಸಿದ ನಮ್ಮಂಥವರದ್ದೂ ಅದರಲ್ಲಿ ಪಾಲಿದೆ ಅನ್ನು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು 9ನೇ ಶತಮಾನದ ಕವಿರಾಜಮಾರ್ಗ. ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿ ಹೊರಟ ಆ ಪುಸ್ತಕದ ಮೂರು ಭಾಗಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಒಂದರಲ್ಲಿ ಶಬ್ದಾಲಂಕಾರ, ಇನ್ನೊಂದರಲ್ಲಿ ಅರ್ಥಾಲಂಕಾರ. ಅಷ್ಟೆಲ್ಲ ಶಾಸ್ತ್ರ ಹೇಳುವವನೇ, ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದೂ ಹೊಗಳಿದ್ದಾನೆ. ಅದು ಬರೀ ನಾಡಿನ ಅಭಿಮಾನದ ಮಾತೇನಲ್ಲ. ನಿಮ್ಮ ಬೀದಿಯಲ್ಲಿ ಸೊಪ್ಪು ಮಾರುವಾಕೆಯ ಮಾತು ಐದು ನಿಮಿಷ ಕೇಳಿಸಿಕೊಂಡರೆ ಗೊತ್ತಾಗುತ್ತದೆ.

ಸರಿ, ಹುಡುಕುವುದು ಹೇಗೆ?

ಮೊದಲ ಪ್ರಶ್ನೆ: ನೇರ ಅರ್ಥ ಹಿಡಿದರೆ ಮಾತು ನಿಲ್ಲುತ್ತದೆಯೋ, ಬೀಳುತ್ತದೆಯೋ? ದರ್ಶಿನಿಯಲ್ಲಿ ಹುಡುಗ ತಟ್ಟೆ ಹಿಡಿದು ‘ಮಸಾಲೆ ದೋಸೆ ಯಾರು ಸಾರ್?’ ಎಂದು ಕೂಗುತ್ತಾನೆ. ‘ನಾನು’ ಎಂದು ಕೈಯೆತ್ತುತ್ತೀಯ. ನೀನು ಮಸಾಲೆ ದೋಸೆಯೇ? ರಸ್ತೆಯಲ್ಲಿ ‘ಏ ಆಟೋ, ಬರ್ತೀಯಾ?’ ಎಂದು ಕೇಳಿದರೆ ಉತ್ತರ ಕೊಡುವುದು ಗಾಡಿಯಲ್ಲ, ಅದನ್ನು ಓಡಿಸುವವನು. ‘ಬೇಸಿಗೆ ರಜೆಯಲ್ಲಿ ಕುವೆಂಪು ಓದಿದೆ’ ಎಂದವರು ಓದಿದ್ದು ಪುಸ್ತಕವನ್ನು. ‘ಹಾಲು ಉಕ್ಕುತ್ತಿದೆ, ಒಲೆ ಆರಿಸು’ ಎನ್ನುತ್ತಾಳೆ ಅಮ್ಮ, ಆರಿಸುವುದು ಉರಿಯನ್ನು. ಇವೆಲ್ಲ ಎಷ್ಟು ಸಲೀಸಾಗಿ ನಡೆದುಹೋಗುತ್ತವೆ ಎಂದರೆ ನೇರ ಅರ್ಥ ಬಿದ್ದದ್ದು ನಮ್ಮ ಗಮನಕ್ಕೇ ಬರುವುದಿಲ್ಲ.

ಇದನ್ನು ನಮ್ಮ ಹಿಂದಿನವರು ಲಕ್ಷಣೆ ಎಂದು ಕರೆದರು. 11ನೇ ಶತಮಾನದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಇದಕ್ಕೆ ಮೂರು ಗುರುತು ಹೇಳುತ್ತಾನೆ. ನೇರ ಅರ್ಥಕ್ಕೆ ಅಡ್ಡಿ ಬರಬೇಕು. ಹೊಸ ಅರ್ಥಕ್ಕೂ ಹಳೆಯದಕ್ಕೂ ನಂಟಿರಬೇಕು. ಹಾಗೆ ಸುತ್ತಿ ಹೇಳಿದ್ದಕ್ಕೆ ಬಳಕೆಯ ರೂಢಿಯಾದರೂ ಇರಬೇಕು, ಇಲ್ಲವೇ ಏನಾದರೂ ಪ್ರಯೋಜನ ಇರಬೇಕು. ಅವರ ಪ್ರಸಿದ್ಧ ಉದಾಹರಣೆ, ಗಂಗೆಯಲ್ಲಿ ಗೊಲ್ಲರ ಹಟ್ಟಿ ಇದೆ ಎಂಬುದು. ಹರಿಯುವ ನೀರಿನ ಮೇಲೆ ಹಟ್ಟಿ ಕಟ್ಟಲಾಗದು, ದಡದ ಮೇಲೆ ಎಂದು ತಿಳಿಯಬೇಕು. ‘ದಡದಲ್ಲಿ’ ಎನ್ನದೆ ‘ಗಂಗೆಯಲ್ಲಿ’ ಎಂದದ್ದರಿಂದ ಆ ಜಾಗದ ತಂಪೂ ಪಾವನತೆಯೂ ಹಟ್ಟಿಗೆ ಬಂತು, ಅದು ಪ್ರಯೋಜನ. ದೋಸೆ ತಂದ ಹುಡುಗನಿಗೆ ಅಂಥ ಉದ್ದೇಶವಿಲ್ಲ, ಅವನಿಗೆ ಬೇಗ ತಟ್ಟೆ ಇಳಿಸಿದರೆ ಸಾಕು. ಆದರೆ ನಡೆಯುವ ಕೆಲಸ ಒಂದೇ.

ಎರಡನೆಯ ಪ್ರಶ್ನೆ: ನಂಟು ಯಾವ ಬಗೆಯದು? ಮುಖ್ಯವಾಗಿ ಎರಡು ಬಗೆ. ಒಂದು ಹೋಲಿಕೆಯ ನಂಟು, ಇನ್ನೊಂದು ಜೊತೆಯಲ್ಲಿರುವುದರ ನಂಟು. ಹುಡುಗಿಗೂ ತೆಂಗಿನಮರಕ್ಕೂ ಇರುವುದು ಹೋಲಿಕೆ. ಆಟೋಗೂ ಅದನ್ನು ಓಡಿಸುವವನಿಗೂ ಹೋಲಿಕೆ ಏನೂ ಇಲ್ಲ, ಅವನು ಅದರೊಳಗೆ ಕೂತಿದ್ದಾನೆ ಅಷ್ಟೆ. ಇಷ್ಟು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಪದ ನೋಡಿ ಅಲಂಕಾರ ಹೇಳಲಾಗದು ಎಂಬುದಕ್ಕೆ ನಮ್ಮ ‘ಹೊಟ್ಟೆ’ಯನ್ನೇ ತಗೋ. ‘ಮನೆಯಲ್ಲಿ ಆರು ಹೊಟ್ಟೆ ತುಂಬಬೇಕು’ ಎಂದಾಗ ಹೊಟ್ಟೆ ಎಂದರೆ ಇಡೀ ಮನುಷ್ಯ. ಅಂಗ ಹೇಳಿ ಆಳನ್ನು ಎಣಿಸಿದ್ದು, ಲಕ್ಷಣೆ. ‘ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ’ ಎಂದಾಗ ಹೊಟ್ಟೆಯ ಹೆಸರಿನಲ್ಲಿ ಬಾಡಿಗೆ, ಬಟ್ಟೆ, ಮಕ್ಕಳ ಫೀಸು ಎಲ್ಲ ಸೇರಿಕೊಂಡಿತು. ಇದೂ ಲಕ್ಷಣೆಯೇ, ನಂಟಿನ ದಾರಿ ಮಾತ್ರ ಬೇರೆ. ‘ಹೊಟ್ಟೆಕಿಚ್ಚು’ ಎಂದಾಗ ಪರರ ಏಳಿಗೆ ಕಂಡು ಒಳಗೆ ಆಗುವ ಸಂಕಟವೇ ಬೆಂಕಿಯಾಯಿತು. ಸುಡುವ ಗುಣದಲ್ಲಿ ಹೋಲಿಕೆ, ಆದ್ದರಿಂದ ರೂಪಕದ ಕುಲ. ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಮದುವೆಮನೆಯಲ್ಲಿ ಕೈಮುಗಿಯುತ್ತಾರೆ. ಒಳಗೆ ಹೋದದ್ದು ಮತ್ತೆ ಬಾಯಿಗೆ ಬಾರದಿರಲಿ ಎಂಬ ಬೇಡಿಕೆ ಅದರಲ್ಲಿದೆ. ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು’ ಅತಿಶಯೋಕ್ತಿ, ಯಾರಿಗೂ ಹುಣ್ಣಾಗಲಿಲ್ಲ. ಇನ್ನು ಉಂಡು ಎದ್ದ ಮುದುಕಿ ‘ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ’ ಎಂದರೆ ಹರಸಿದ್ದು ಬರೀ ಉಣಬಡಿಸಿದವಳನ್ನಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳನ್ನೂ. ಒಂದೇ ಅಂಗ, ಎಷ್ಟೊಂದು ನಂಟು!

ಹೋಲಿಕೆಯ ನಂಟು ಎಂದು ಖಚಿತವಾದ ಮೇಲೆ ಮೂರನೆಯ ಪ್ರಶ್ನೆ: ಎರಡೂ ವಸ್ತುಗಳು ಎಷ್ಟು ಹತ್ತಿರ ಬಂದಿವೆ? ನಿಮ್ಮ ಮನೆಯಲ್ಲೇ ಇದರ ಪಾಠ ನಡೆಯುತ್ತಿರುತ್ತದೆ. ‘ಅಪ್ಪ ಸಿಟ್ಟು ಬಂದರೆ ಹುಲಿ ಹಾಗೆ’ ಎಂದೆ ಅನ್ನು. ಅಪ್ಪ ಇದ್ದಾನೆ, ಹುಲಿ ಇದೆ, ‘ಹಾಗೆ’ ಇದೆ, ಸಿಟ್ಟು ಎಂಬ ಸಮಾನಧರ್ಮ ಇದೆ. ನಾಲ್ಕೂ ಅಂಗ ಬಾಯಿಬಿಟ್ಟು ಹೇಳಿದ್ದರಿಂದ ಪೂರ್ಣೋಪಮೆ. ಒಂದನ್ನು ಬಿಟ್ಟರೆ ಲುಪ್ತೋಪಮೆ. ‘ಅಪ್ಪ ಗುರ್ ಅಂದದ್ದು ಕೇಳಿದರೆ ಹುಲೀನೇ ಒಳಗೆ ಬಂತೇನೋ ಅನ್ನಿಸ್ತು’ ಎಂದರೆ ಇನ್ನೊಂದು ಹೆಜ್ಜೆ ಹತ್ತಿರ. ಇಲ್ಲಿ ಹೋಲಿಸುತ್ತಿಲ್ಲ, ಒಂದನ್ನು ಇನ್ನೊಂದಾಗಿ ಊಹಿಸುತ್ತಿದ್ದೇವೆ, ಇದು ಉತ್ಪ್ರೇಕ್ಷೆ. ‘ನಮ್ಮಪ್ಪ ಹುಲಿ’ ಎಂದರೆ ಊಹೆಯೂ ಹೋಯಿತು, ಎರಡೂ ಒಂದೇ, ರೂಪಕ. ಕೊನೆಗೆ, ಗೇಟಿನ ಸದ್ದು ಕೇಳಿ ನಿನ್ನ ತಮ್ಮ ‘ಹುಲಿ ಬಂತು, ಟಿವಿ ಆರಿಸು!’ ಎನ್ನುತ್ತಾನಲ್ಲ, ಅಲ್ಲಿ ಅಪ್ಪನ ಹೆಸರೇ ಇಲ್ಲ. ಹುಲಿ ಅಪ್ಪನನ್ನು ನುಂಗಿಬಿಟ್ಟಿದೆ. ಉಪಮಾನ ಉಪಮೇಯವನ್ನು ಹೀಗೆ ಪೂರಾ ನುಂಗುವುದನ್ನು ಶಾಸ್ತ್ರದವರು ಅತಿಶಯೋಕ್ತಿಯ ಒಂದು ಬಗೆ ಎಂದರು. ಎಂಟು ವರ್ಷದ ಹುಡುಗನಿಗೆ ಅದು ಗೊತ್ತಿಲ್ಲ. ಆದರೆ ಬಳಸುವುದು ಗೊತ್ತು.

ಇಲ್ಲೊಂದು ಎಚ್ಚರಿಕೆ, ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವ ಜಾಗ ಇದು. ಮಾತಿನಲ್ಲಿ ನಾವು ಉತ್ಪ್ರೇಕ್ಷೆ ಎನ್ನುವುದು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದಕ್ಕೆ. ಅಲಂಕಾರಶಾಸ್ತ್ರದಲ್ಲಿ ಅದು ಅತಿಶಯೋಕ್ತಿಯ ಕೆಲಸ. ಉತ್ಪ್ರೇಕ್ಷೆಗೆ ಅಲ್ಲಿ ಊಹೆ ಬೇಕು. ‘ಸಾವಿರ ಸಲ ಹೇಳಿದ್ದೀನಿ’ ಅತಿಶಯೋಕ್ತಿ. ‘ಆಕಾಶಕ್ಕೇ ತೂತು ಬಿದ್ದಿದೆಯೇನೋ ಅನ್ನೋ ಹಾಗೆ ಮಳೆ ಸುರೀತು’ ಉತ್ಪ್ರೇಕ್ಷೆ. ನೋಡು, ಇಲ್ಲೂ ‘ಹಾಗೆ’ ಇದೆ. ಆದರೆ ತೂತು ಬಿದ್ದ ಆಕಾಶ ಎಂಬುದು ಎಲ್ಲೂ ಇಲ್ಲ, ಹೇಳಿದವರ ಊಹೆಯಲ್ಲಿ ಹುಟ್ಟಿದ್ದು. ಹೋಲಿಸಲು ತಂದ ವಸ್ತು ಲೋಕದಲ್ಲಿ ಇರುವಂಥದ್ದೋ, ಊಹೆಯದ್ದೋ ಎಂದು ಕೇಳಿಕೋ, ದಾರಿ ಸಿಗುತ್ತದೆ.

ನಾಲ್ಕನೆಯ ಪ್ರಶ್ನೆಯನ್ನು ಪಠ್ಯಪುಸ್ತಕ ಕೇಳುವುದು ಕಡಿಮೆ: ಯಾರು, ಯಾರಿಗೆ, ಯಾವಾಗ ಹೇಳಿದರು? ನಿನ್ನಮ್ಮ ಬೆಳಿಗ್ಗೆ ಏಳೂವರೆಗೆ ತಮ್ಮನನ್ನು ಕಂಡು ಹೇಳಿದ ಮಾತನ್ನು ತೆಗೆದುಕೊಳ್ಳೋಣ. ‘ಬಂದರು ನೋಡಿ ಮಹಾರಾಜರು! ಸೂರ್ಯ ನೆತ್ತಿಗೆ ಬಂದ. ಎಷ್ಟು ಕೂಗಿದರೂ ಕಿವಿಗೆ ಹಾಕಿಕೊಳ್ಳಲ್ಲ. ಇವನಿಗೆ ಹೇಳೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.’

ಮಹಾರಾಜ ಎಂದದ್ದು ಹೊಗಳಿಕೆಯಲ್ಲ ಎಂದು ಹೇಗೆ ಗೊತ್ತಾಯಿತು? ದಿನವೂ ‘ಬಂದ’ ಎನ್ನುವವಳು ಇವತ್ತು ‘ಬಂದರು’ ಎಂದಳು. ತಮ್ಮನಿಗೆ ಮನೆಯಲ್ಲಿ ಬಹುವಚನ ಸಿಕ್ಕಿತೆಂದರೆ ಅವನ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ! ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ಹಿಡಿಯಬೇಕಾದ್ದರಿಂದ ಇದು ವಿಪರೀತ ಲಕ್ಷಣೆ. ಹೊಗಳುವ ನೆಪದಲ್ಲಿ ಬೈದದ್ದರಿಂದ ವ್ಯಾಜಸ್ತುತಿ ಎಂದರೂ ಸರಿಯೇ. ಬೈಯುವಂತೆ ಮಾಡಿ ಹೊಗಳುವುದೂ ಅದೇ ಅಲಂಕಾರದ ಇನ್ನೊಂದು ಮುಖ. ನಮ್ಮ ದಾಸರ ನಿಂದಾಸ್ತುತಿಗಳೆಲ್ಲ ಆ ದಾರಿಯವು. ಸೂರ್ಯ ಏಳೂವರೆಗೆ ನೆತ್ತಿಗೆ ಬಂದದ್ದು ಅತಿಶಯೋಕ್ತಿ. ಕಿವಿಗೆ ಹಾಕಿಕೊಳ್ಳುವುದು ನುಡಿಗಟ್ಟು. ಮಾತನ್ನು ಎತ್ತಿ ಹಾಕಬಹುದಾದ ವಸ್ತುವೆಂದು ಭಾವಿಸಿದ ರೂಪಕವೊಂದು ಅದರಡಿ ಮಲಗಿದೆ. ಕೊನೆಯದು ಉಪಮೆ. ಸಮನ್ವಯ ಬರೆಯುವಾಗ ‘ತಮ್ಮ ಕೋಣನ ಹಾಗೆ’ ಎಂದಷ್ಟೇ ಬರೆದರೆ ಅರ್ಧ ಉತ್ತರವಾಯಿತು. ಇಲ್ಲಿ ಪ್ರಾಣಿಯೊಂದೇ ಉಪಮಾನವಲ್ಲ, ನಡೆದ ಇಡೀ ಸಂಗತಿ ಉಪಮಾನ. ತಮ್ಮನ ಎದುರಿಗೆ ಕೋಣ, ಬುದ್ಧಿಮಾತಿನ ಎದುರಿಗೆ ಕಿನ್ನರಿ, ಅಮ್ಮನ ಎದುರಿಗೆ ಅದನ್ನು ಬಾರಿಸಿ ಸೋತವಳು. ಶ್ರಮ ವ್ಯರ್ಥ ಎಂಬುದು ಸಮಾನಧರ್ಮ. ಅಮ್ಮನನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತಿನ ದಣಿವು ಕೇಳಿಸುತ್ತದೆ.

ಯಾರು ಯಾರಿಗೆ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಶಾಸ್ತ್ರಕಾರರ ಒಂದು ಭಿನ್ನಾಭಿಪ್ರಾಯವೇ ಸಾಕ್ಷಿ. ಸೂರ್ಯ ಮುಳುಗಿದ ಎನ್ನುವಂಥ ಮಾತು ಬರೀ ವರದಿ, ಅದರಲ್ಲಿ ಕಾವ್ಯವೇನು ಬಂತು ಎಂದು ಭಾಮಹ ತಳ್ಳಿಹಾಕಿದ್ದ. ಮಮ್ಮಟ ಅದೇ ಮಾತನ್ನು ಎತ್ತಿಕೊಂಡು, ಅದು ಒಬ್ಬೊಬ್ಬರ ಕಿವಿಗೆ ಒಂದೊಂದು ಅರ್ಥ ಕೊಡುತ್ತದೆ ಎಂದು ತೋರಿಸಿದ. ದನ ಕಾಯುವವನಿಗೆ ದನ ಹೊಡೆಯುವ ಹೊತ್ತು, ಕರ್ಮಠನಿಗೆ ಸಂಧ್ಯಾವಂದನೆಯ ಹೊತ್ತು. ಇದನ್ನು ಧ್ವನಿ ಎನ್ನುತ್ತಾರೆ. ‘ಎಂಟು ಗಂಟೆ ಆಯ್ತು’ ಎಂದು ನಿನ್ನಮ್ಮ ನಿನಗೆ ಹೇಳಿದರೆ ಸ್ಕೂಲ್ ವ್ಯಾನ್ ಬರುತ್ತೆ ಎಂದರ್ಥ. ರಾತ್ರಿ ಊಟದ ಹೊತ್ತಿಗೆ ಎದ್ದು ಹೊರಡದ ನೆಂಟರ ಮುಂದೆ ನನಗೆ ಹೇಳಿದರೆ ಅದರ ಅರ್ಥವೇ ಬೇರೆ. ಈ ಮಾತಿನಲ್ಲಿ ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ, ಆದ್ದರಿಂದ ಅಲಂಕಾರ ಹುಡುಕಿದರೆ ಸಿಗದು. ದೊಡ್ಡವಳಾದ ಮೇಲೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದು. 1953ರ ಪುಸ್ತಕ, ಇಂದಿಗೂ ಅದರಷ್ಟು ತಿಳಿಯಾಗಿ ಇದನ್ನೆಲ್ಲ ಕನ್ನಡದಲ್ಲಿ ಹೇಳಿದ್ದು ನಾನು ಕಂಡಿಲ್ಲ.

ಗಾದೆಗಳ ಬಗ್ಗೆ ಎರಡು ಮಾತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ಕೆಸರು, ಮೊಸರು ಎಂಬ ಪ್ರಾಸ ಕಿವಿಗೆ. ಕೆಸರು ದುಡಿಮೆಗೂ ಮೊಸರು ನೆಮ್ಮದಿಯ ಊಟಕ್ಕೂ ನಿಂತಿರುವ ಲಕ್ಷಣೆ ಬುದ್ಧಿಗೆ. ಒಂದೇ ಮಾತಿನಲ್ಲಿ ಎರಡಿರಬಹುದು, ಎರಡನ್ನೂ ಬರೆ. ದೃಷ್ಟಾಂತ ಮತ್ತು ಅರ್ಥಾಂತರನ್ಯಾಸ ಎಂದು ಗೊಂದಲವಾದರೆ ಹೀಗೆ ನೋಡು. ‘ಇವನನ್ನು ಈಗಲೇ ತಿದ್ದಬೇಕು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಹುಡುಗನೊಂದು, ಗಿಡವೊಂದು, ಒಂದರ ಪ್ರತಿಬಿಂಬ ಇನ್ನೊಂದು, ದೃಷ್ಟಾಂತ. ‘ಅವಸರದಲ್ಲಿ ಗಾಡಿ ಓಡಿಸಿ ಬಿದ್ದ, ಆತುರಗಾರನಿಗೆ ಬುದ್ಧಿ ಮಟ್ಟ.’ ಬಿದ್ದವನೂ ಆತುರಗಾರರಲ್ಲಿ ಒಬ್ಬ. ಲೋಕದ ಮಾತು ಒಬ್ಬನ ಸಂಗತಿಗೆ ಒತ್ತಾಸೆಯಾಗಿ ಬಂದಿದೆ, ಅರ್ಥಾಂತರನ್ಯಾಸ. ಇನ್ನು ಯಾರ ಹೆಸರನ್ನೂ ಹೇಳದೆ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂದಷ್ಟೇ ಹೇಳಿ ಸುಮ್ಮನಾದರೆ ಅನ್ಯೋಕ್ತಿ. ತಗುಲಬೇಕಾದವರಿಗೆ ಅದು ತಗುಲುತ್ತದೆ.

ಎಲ್ಲ ಕಡೆ ಅಲಂಕಾರ ಅಗೆಯಲೂ ಹೋಗಬೇಡ. ತೆಂಗಿನಕಾಯಿಗೆ ಕಣ್ಣಿದೆ, ಜುಟ್ಟಿದೆ. ಮೇಜಿಗೆ ಕಾಲಿದೆ, ಬಾವಿಗೆ ಬಾಯಿದೆ. ಒಂದು ಕಾಲಕ್ಕೆ ಇವು ಯಾರದೋ ಹೊಸ ಕಾಣ್ಕೆ. ಈಗ ಅವೇ ಆ ವಸ್ತುಗಳ ಹೆಸರು, ಜುಟ್ಟು ಎನ್ನದೆ ಬೇರೇನೆನ್ನುತ್ತೀ? ರೂಢಿಯಾಯಿತು ಎಂದು ಬಿಟ್ಟುಬಿಡು.

ಇನ್ನು ಕೆಲವು ಮಾತುಗಳು ಅಂದಕ್ಕಾಗಿ ಹುಟ್ಟಿದವಲ್ಲ, ಅಂಜಿಕೆಗೆ ಹುಟ್ಟಿದವು. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುತ್ತೇವೆ. ಹಳ್ಳಿಯಲ್ಲಿ ರಾತ್ರಿ ಹೊತ್ತು ಹಾವನ್ನು ‘ಹುಳ’ ಎನ್ನುತ್ತಾರೆ. ಮೈಮೇಲೆ ಗುಳ್ಳೆ ಎದ್ದ ಮಗುವಿಗೆ ‘ಅಮ್ಮ ಆಗಿದೆ’ ಎನ್ನುತ್ತಾರೆ. ಸತ್ತವರು ‘ತೀರಿಕೊಂಡರು’, ‘ಲಿಂಗೈಕ್ಯರಾದರು’, ‘ವೈಕುಂಠವಾಸಿಗಳಾದರು’. ಸೌಮ್ಯೋಕ್ತಿ ಎಂದು ಪುಸ್ತಕದಲ್ಲಿ ಬರೆದುಕೋ, ಆದರೆ ಹಾಗೆ ಮಾತಾಡುವ ಅಜ್ಜಿಯ ಮುಂದೆ ಪಾಠ ಒಪ್ಪಿಸಬೇಡ. ಯಾವ ಮಾತಿನ ಹಿಂದೆ ಯಾರ ಭಯ, ಯಾರ ದುಃಖ ಇದೆಯೆಂದು ತಿಳಿದು ಬಾಯಿ ಮುಚ್ಚಿಕೊಂಡಿರುವುದೂ ಭಾಷೆ ಕಲಿತವರ ಲಕ್ಷಣ.

ಅಂಕ ಬಂದ ಮೇಲೂ ನಿನಗೆ ಬೇಕಾಗುವ ಐದನೆಯ ಪ್ರಶ್ನೆ ಒಂದಿದೆ: ಹೇಳಿದವರು ಕಟ್ಟಿದ ನಂಟು ಪ್ರಾಮಾಣಿಕವೇ?

ವೇದಿಕೆಯ ಮೇಲೆ ಎದೆಯುಬ್ಬಿಸಿ ‘ನಾವೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ’ ಎನ್ನುತ್ತಾರೆ. ಬಿಡಿಸಿ ನೋಡು. ಬಳೆಯಿಂದ ಹೆಂಗಸು, ಇಲ್ಲಿಯವರೆಗೆ ಸರಿ, ಜೊತೆಯಲ್ಲಿರುವುದರ ನಂಟು. ಹೆಂಗಸಿನಿಂದ ಹೇಡಿತನ, ಈ ಎರಡನೆಯ ಕೊಂಡಿಯನ್ನು ಹಾಕಿದವರು ಯಾರು? ಬಾಯಿಬಿಟ್ಟು ‘ಹೆಂಗಸರು ಹೇಡಿಗಳು’ ಎಂದಿದ್ದರೆ ಸಭೆಯಲ್ಲಿ ಯಾರಾದರೂ ಎದ್ದು ನಿಲ್ಲುತ್ತಿದ್ದರು. ಲಕ್ಷಣೆಯೊಳಗೆ ಸುತ್ತಿ ಕೊಟ್ಟದ್ದಕ್ಕೆ ಚಪ್ಪಾಳೆ ಬಿತ್ತು. ‘ಕುಂಟು ನೆಪ’, ‘ಕಿವುಡು ಸರ್ಕಾರ’ ಎಂದು ನಾವೇ ಬರೆಯುತ್ತೇವೆ. ನೆಪಕ್ಕೆ ಕಾಲಿಲ್ಲ, ಸರ್ಕಾರಕ್ಕೆ ಕಿವಿಯಿಲ್ಲ. ಅದನ್ನು ಓದುವ, ನಿಜಕ್ಕೂ ಕುಂಟುವ ಹುಡುಗನಿಗೆ ತನ್ನ ಕಾಲು ಬೈಗುಳದ ಪದವಾಗಿ ಕಾಣುತ್ತದೆ. ‘ಸುಳ್ಳು ನೆಪ’, ‘ಕೇಳದ ಸರ್ಕಾರ’ ಎಂದರೆ ಅರ್ಥಕ್ಕೇನೂ ಕೊರತೆಯಾಗದು.

ಜಾಹೀರಾತಿನ ಮಾತಂತೂ ಬಿಡಿಸಲೇಬೇಕು. ‘ನಿಮ್ಮ ಹಣ ನಿಮಗಾಗಿ ದುಡಿಯಲಿ’ ಎಂದು ಬರೆಯುತ್ತಾರೆ. ಜಡವಾದ ಹಣಕ್ಕೆ ಕೈಕಾಲು ಕೊಟ್ಟ ಮಾನವೀಕರಣ ಇದು, ಕೇಳಲು ಸೊಗಸು. ಆದರೆ ಹಣ ದುಡಿಯುವುದಿಲ್ಲ. ಅದನ್ನು ಪಡೆದವರು ಎಲ್ಲೋ ಹೂಡುತ್ತಾರೆ, ಯಾರೋ ದುಡಿಯುತ್ತಾರೆ, ಲಾಭ ಬರಬಹುದು, ಅಸಲೂ ಮುಳುಗಬಹುದು. ದುಡಿಯುವ ಆಳೆಂದು ಒಪ್ಪಿಕೊಂಡ ಮೇಲೆ ಮುಳುಗುವ ಮಾತು ನೆನಪಿಗೇ ಬಾರದು. ಅಲಂಕಾರ ಯಾವ ಗುಣವನ್ನು ಮುಂದೆ ಮಾಡಿತು ಎಂಬುದರ ಜೊತೆಗೆ ಯಾವುದನ್ನು ಮರೆಮಾಡಿತು ಎಂದೂ ಕೇಳಬೇಕು.

ಅಲಂಕಾರವೆಂದರೆ ಮೋಸ ಎಂದು ಮಾತ್ರ ತಿಳಿಯಬೇಡ. ಈರುಳ್ಳಿ ಬೆಲೆ ಏರಿದಾಗ ‘ಹೆಚ್ಚುವ ಮೊದಲೇ ಕಣ್ಣೀರು’ ಎಂದು ಯಾರಾದರೂ ತಲೆಬರಹ ಕೊಟ್ಟರೆ ಆ ಶ್ಲೇಷೆಗೆ ನಕ್ಕುಬಿಡು. ರಾಹುಲ್ ದ್ರಾವಿಡ್ ಅವರನ್ನು ಗೋಡೆ ಎಂದ ರೂಪಕದಲ್ಲಿ ಅವರ ಆಟದ ಸತ್ಯವೇ ಇತ್ತು. ನೀನೂ ಬರೆಯುವಾಗ ಕಮಲದಂಥ ಮುಖ, ಚಂದ್ರನಂಥ ಮುಖ ಎಂದು ಸವೆದ ನಾಣ್ಯ ಚಲಾಯಿಸದೆ, ನಿನ್ನ ಕಣ್ಣಿಗೆ ಬಿದ್ದ ಎರಡು ವಸ್ತುಗಳ ನಡುವೆ ಹೊಸ ನಂಟು ಹುಡುಕು. ಸಿಗದಿದ್ದರೆ ನೇರವಾಗಿ ಹೇಳು. ನೇರ ಮಾತಿಗೂ ಮರ್ಯಾದೆಯಿದೆ.

ನಾಳೆಯ ಪೇಪರಿನಿಂದ ಐದು ತಲೆಬರಹ ಆರಿಸಿಕೋ. ಒಂದೊಂದರ ಕೆಳಗೂ ನಾಲ್ಕು ಸಾಲು ಬರೆ: ನೇರ ಅರ್ಥ ಎಲ್ಲಿ ಬಿತ್ತು, ಯಾವ ನಂಟು ಕಟ್ಟಿದ್ದಾರೆ, ಅಲಂಕಾರದ ಹೆಸರೇನು, ಆ ನಂಟನ್ನು ನೀನು ಒಪ್ಪುತ್ತೀಯಾ. ಮೂರನೆಯ ಸಾಲಿನಲ್ಲಿ ತಪ್ಪಿದರೆ ನಾನು ತಿದ್ದುತ್ತೇನೆ. ನಾಲ್ಕನೆಯ ಸಾಲು ನಿನ್ನದು. ಅದಕ್ಕೆ ಗೈಡೂ ಇಲ್ಲ, ಮೇಷ್ಟ್ರೂ ಇಲ್ಲ.